ಗೇಟಿನ ಮೇಲಿನ ಶೇಕಡಾ: ಪಾಲಕರ ಕಡೆಯಿಂದ ಒಂದು ಪ್ರೌಢಶಾಲೆಯನ್ನು ನೋಡಿದ್ದು

ಇಂಟರ್ನ್‌ಶಿಪ್ ಮುಗಿಸುವ ಮೊದಲು ಪ್ರತಿ ಪ್ರಶಿಕ್ಷಣಾರ್ಥಿಯೂ ತಾನು ಹೋದ ಶಾಲೆಯ ಬಗ್ಗೆ ಒಂದು ಅಧ್ಯಯನ ವರದಿ ಒಪ್ಪಿಸಬೇಕು. ಕೊಠಡಿ ಎಷ್ಟು, ಶಿಕ್ಷಕರು ಎಷ್ಟು, ದಾಖಲಾತಿ ಎಷ್ಟು, ಫಲಿತಾಂಶ ಎಷ್ಟು ಎಂದು ಕಾಲಂ ತುಂಬಿ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಹಾಕಿಸಿದರೆ ಕೆಲಸ ಮುಗಿಯಿತು. ಹಿಂದಿನ ಬ್ಯಾಚಿನವರ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುವುದು ನಮ್ಮಲ್ಲಿ ಗುಟ್ಟೇನಲ್ಲ. ನಾನೂ ಮೊದಲ ಎರಡು ಪುಟಗಳನ್ನು ಹಾಗೆಯೇ ಬರೆದೆ. ಮೂರನೇ ಪುಟದಲ್ಲಿ ‘ಹಿಂದಿನ ವರ್ಷಗಳ ಎಸ್‌ಎಸ್‌ಎಲ್‌ಸಿ ಫಲಿತಾಂಶ’ ಎಂಬ ಕಾಲಂ ಬಂದಾಗ ಪೆನ್ನು ನಿಂತಿತು. ಆ ಒಂದು ಅಂಕಿಯನ್ನು ನಂಬಿ ನಾನು ಹಿಂದೊಮ್ಮೆ ಕೊಟ್ಟ ಸಲಹೆ ನೆನಪಾಯಿತು.

ನನ್ನ ಸೋದರಮಾವ ಹೊಸದುರ್ಗ ತಾಲ್ಲೂಕಿನವರು. ಸ್ವಲ್ಪ ತೆಂಗು, ಉಳಿದದ್ದು ರಾಗಿ ಹೊಲ. 2023ರ ಬೇಸಿಗೆಯಲ್ಲಿ ಅವರ ಮಗಳು ಏಳನೇ ತರಗತಿ ಮುಗಿಸಿದ್ದಳು. ‘ನೀನು ಬಿಎಸ್ಸಿ ಓದ್ದೋಳು ಕಣವ್ವ, ನೀನೇ ಹೇಳು, ಎಲ್ಲಿಗೆ ಹಾಕ್ಲಿ?’ ಎಂದು ಫೋನು ಮಾಡಿದರು. ಊರ ಹತ್ತಿರದ ಸರ್ಕಾರಿ ಪ್ರೌಢಶಾಲೆ ಒಂದು, ಒಂಬತ್ತು ಕಿಲೋಮೀಟರ್ ದೂರದ ಇನ್ನೊಂದು. ದೂರದ್ದರ ಗೇಟಿಗೆ ಶೇ. 100 ಎಂಬ ಫ್ಲೆಕ್ಸ್ ಕಟ್ಟಿದ್ದರು. ನಾನು ಎರಡು ಶಾಲೆಗಳ ಫಲಿತಾಂಶವನ್ನು ಮಾತ್ರ ಕೇಳಿದೆ, ದೂರದ್ದಕ್ಕೇ ಹಾಕಿ ಎಂದೆ. ಆ ಜೂನ್ 11ರಂದು ಶಕ್ತಿ ಯೋಜನೆಯೂ ಶುರುವಾಯಿತು. ‘ಬಸ್ಸೂ ಫ್ರೀ ಆಯ್ತಲ್ಲ ಮಾವ’ ಎಂದು ಸೇರಿಸಿದೆ.

ಬಸ್ಸು ಫ್ರೀ ಆದರೂ ಅದು ಬರುವ ಹೊತ್ತು ಶಾಲೆಯ ಹೊತ್ತಿಗೆ ಹೊಂದಲಿಲ್ಲ. ಹುಡುಗಿ ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಅವಧಿ ಅರ್ಧ ಆಗಿರುತ್ತಿತ್ತು. ಆ ವರ್ಷ ಅಲ್ಲಿ ಮೊದಲ ಅವಧಿ ಗಣಿತ, ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲ. ಅತಿಥಿ ಶಿಕ್ಷಕರು ಬಂದಿದ್ದು ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ. ಹತ್ತನೇ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳಿದ್ದರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಒಂಬತ್ತನೇ ತರಗತಿಗೆ ಆಕೆಯನ್ನು ಊರ ಹತ್ತಿರದ ಶಾಲೆಗೇ ಸೇರಿಸಿದರು. ಎಂಟನೇ ತರಗತಿಯ ಬೀಜಗಣಿತ ಅವಳಿಗೆ ಈಗಲೂ ಸಡಿಲ. ಈ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆಯಲಿದ್ದಾಳೆ. ಭಾನುವಾರ ಫೋನಿನಲ್ಲೇ ವರ್ಗ ಸಮೀಕರಣ ಹೇಳಿಕೊಡುತ್ತೇನೆ. ಮಾವ ಒಂದು ದಿನವೂ ನನ್ನನ್ನು ದೂರಲಿಲ್ಲ. ಅದು ಇನ್ನೂ ಕಷ್ಟ.

ನಮ್ಮ ಗುಂಪಿನಲ್ಲಿ ನಾಲ್ವರು. ನನಗೆ ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತ್ತು. ಉಳಿದ ಮೂವರು ಚಿತ್ರದುರ್ಗ, ಹಿರಿಯೂರು ಮತ್ತು ಹೊಸದುರ್ಗ ಕಡೆ ಹೋಗಿದ್ದರು. ಮಾವನ ವಿಷಯ ಹೇಳಿದಾಗ ನಾಲ್ವರೂ ಸೇರಿ ವರದಿಯಲ್ಲಿ ಒಂದು ಪುಟ ಹೆಚ್ಚಿಗೆ ಬರೆಯೋಣ ಎಂದುಕೊಂಡೆವು. ಕಾಲೇಜಿಗೆ ಬೇಕಾದ ಪುಟವಲ್ಲ ಅದು, ಎಂಟನೇ ತರಗತಿಗೆ ಮಗುವನ್ನು ಸೇರಿಸುವ ಪಾಲಕರಿಗೆ ಬೇಕಾದದ್ದು. ಈ ಲೇಖನ ಆ ಪುಟದಿಂದ ಬೆಳೆದದ್ದು. ಶಾಲೆಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಜಿಲ್ಲೆಯ ಅಂಕಿಯೇ ಹೇಳುವ ಪಾಠ

ಶೇಕಡಾ ಫಲಿತಾಂಶವನ್ನು ಹೇಗೆ ಓದಬೇಕು ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಚಿತ್ರದುರ್ಗ ಶೇ. 96.80 ಪಡೆದು ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಮಂಡ್ಯ, ಹಾಸನ ನಮ್ಮ ಹಿಂದೆ. ಆಗ ಊರೂರಿನಲ್ಲೂ ಫ್ಲೆಕ್ಸ್. ಮರುವರ್ಷ, 2024ರಲ್ಲಿ, ಜಿಲ್ಲೆಯ ಫಲಿತಾಂಶ ಶೇ. 72.85, ಸ್ಥಾನ 21. ಒಂದು ವರ್ಷದಲ್ಲಿ ಸುಮಾರು 24 ಅಂಶ ಕುಸಿತ.

ಒಂದು ವರ್ಷದಲ್ಲಿ ಜಿಲ್ಲೆಯ ಶಿಕ್ಷಕರು ಬದಲಾಗಲಿಲ್ಲ, ಕಟ್ಟಡಗಳೂ ಅವೇ. ಬದಲಾದದ್ದು ಪರೀಕ್ಷೆ ನಡೆಸಿದ ರೀತಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ರಾಜ್ಯದ ಫಲಿತಾಂಶವೂ 83.89ರಿಂದ 73.40ಕ್ಕೆ ಇಳಿಯಿತು, ಅದೂ ಆ ವರ್ಷ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ರಾಜ್ಯದ ಫಲಿತಾಂಶ 62.34. ಈಗ 2025-26ನೇ ಸಾಲಿನಿಂದ ಉತ್ತೀರ್ಣತೆಯ ನಿಯಮವೇ ಬೇರೆ: ಒಟ್ಟಾರೆ ಶೇ. 33, ಪ್ರತಿ ವಿಷಯದಲ್ಲಿ ಕನಿಷ್ಠ 30. ಅಂದರೆ ನಾಲ್ಕು ವರ್ಷದ ನಾಲ್ಕು ಅಂಕಿಗಳು ನಾಲ್ಕು ಬೇರೆ ಬೇರೆ ಅಳತೆಗೋಲಿನವು. ಇವನ್ನು ಸಾಲಾಗಿ ಬರೆದು ‘ಶಾಲೆ ಹಿಂದೆ ಬಿದ್ದಿದೆ’ ಅಥವಾ ‘ಮುಂದೆ ಬಂದಿದೆ’ ಎಂದು ವರದಿಯಲ್ಲಿ ಷರಾ ಬರೆಯುವುದು ಮೊಳ ಮತ್ತು ಮೀಟರನ್ನು ಒಂದೇ ಕಾಲಂನಲ್ಲಿ ಕೂಡಿದ ಹಾಗೆ.

ಹಾಗಾದರೆ ಅಂಕಿ ಬೇಡವೇ? ಬೇಕು. ಆದರೆ ಆ ವರ್ಷದ ರಾಜ್ಯದ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 2023ರಲ್ಲಿ ಜಿಲ್ಲೆ ರಾಜ್ಯಕ್ಕಿಂತ 12.91 ಅಂಶ ಮೇಲಿತ್ತು, 2024ರಲ್ಲಿ 0.55 ಅಂಶ ಕೆಳಗೆ. ಯಾವುದೇ ಶಾಲೆಗೂ ಹೀಗೆ ವ್ಯತ್ಯಾಸದ ಕಾಲಂ ಹಾಕಿದರೆ ಪರೀಕ್ಷೆ ಬಿಗಿಯಾದದ್ದು ಎಷ್ಟು, ಶಾಲೆ ಸಡಿಲವಾದದ್ದು ಎಷ್ಟು ಎಂಬುದು ಸ್ವಲ್ಪ ಬಿಡಿಸಿ ಕಾಣುತ್ತದೆ. ನನ್ನ ವರದಿಯಲ್ಲಿ ಈ ಕಾಲಂ ಸೇರಿಸಿದೆ. ಮಾರ್ಗದರ್ಶಿ ಅಧ್ಯಾಪಕರು ‘ನಮೂನೆಯಲ್ಲಿ ಇಲ್ಲವಲ್ಲಮ್ಮ’ ಎಂದರು, ಆದರೆ ತೆಗೆಸಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಮಾಡಿದ ಪಾಠ

ನನ್ನ ವಿಷಯ ಗಣಿತ ಮತ್ತು ಭೌತವಿಜ್ಞಾನ. ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ಘಟಕ ನನ್ನ ಪಾಲಿಗೆ ಬಂದಿತ್ತು. ಕ್ರಿಕೆಟ್ ರನ್ನು, ಮಳೆಯ ಮಿಲಿಮೀಟರು ಬಿಟ್ಟು ಈ ಶಾಲಾ ಫಲಿತಾಂಶವನ್ನೇ ದತ್ತಾಂಶವಾಗಿ ತೆಗೆದುಕೊಂಡೆ. ಕೆಳಗಿನವು ಪಾಠಕ್ಕಾಗಿ ನಾನೇ ಮಾಡಿಕೊಂಡ ಅಂಕಿಗಳು, ಯಾವ ಶಾಲೆಯವೂ ಅಲ್ಲ.

‘ಅ’ ಶಾಲೆಯಲ್ಲಿ ಪರೀಕ್ಷೆ ಬರೆದವರು 12, ಪಾಸಾದವರು 12. ‘ಆ’ ಶಾಲೆಯಲ್ಲಿ ಬರೆದವರು 58, ಪಾಸಾದವರು 49. ಶೇಕಡಾ ತೆಗೆಯಿರಿ ಎಂದೆ. ಒಂದು 100, ಇನ್ನೊಂದು 84.48. ಯಾವ ಶಾಲೆಗೆ ಸೇರುತ್ತೀರಿ ಎಂದು ಕೈ ಎತ್ತಿಸಿದರೆ ಇಡೀ ತರಗತಿ ‘ಅ’ ಕಡೆ. 2023ರಲ್ಲಿ ನಾನಿದ್ದ ಕಡೆಯೇ.

ಆಮೇಲೆ ಕೇಳಿದೆ: ಎರಡೂ ಕಡೆ ಇನ್ನೊಬ್ಬ ಹುಡುಗ ಜ್ವರ ಬಂದು ಒಂದು ವಿಷಯದಲ್ಲಿ ಹೋದ ಎನ್ನಿ. ಈಗ? ‘ಅ’ ಶಾಲೆ ಒಂದೇ ಏಟಿಗೆ 91.67ಕ್ಕೆ ಬಂತು. ‘ಆ’ ಶಾಲೆ 82.76. ಒಂದು ಮಗುವಿನ ತೂಕ ಒಂದು ಕಡೆ 8.33 ಅಂಶ, ಇನ್ನೊಂದು ಕಡೆ 1.72. ಸಣ್ಣ ಶಾಲೆಯ ಶೇಕಡಾ ಪ್ರತಿ ವರ್ಷ ಮೇಲೆ ಕೆಳಗೆ ಜಿಗಿಯುವುದು ಇದಕ್ಕೇ. ಸರ್ಕಾರಿ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಗೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಒಂದು ವರ್ಷದ ಫಲಿತಾಂಶ ನೋಡಿ ಹೊಗಳುವುದೂ ತಪ್ಪು, ಬೈಯುವುದೂ ತಪ್ಪು ಎನ್ನುವುದು ನನ್ನ ಅಭಿಪ್ರಾಯ.

ಮೂರನೇ ಹೆಜ್ಜೆಯೇ ಮುಖ್ಯವಾದದ್ದು. ‘ಅ’ ಶಾಲೆಯಲ್ಲಿ ಎರಡು ವರ್ಷದ ಹಿಂದೆ ಎಂಟನೇ ತರಗತಿಗೆ ಸೇರಿದವರು 19 ಎಂದು ಬೋರ್ಡಿನ ಮೇಲೆ ಬರೆದೆ. ‘ಆ’ ಶಾಲೆಯಲ್ಲಿ 62. ಈಗ ಸೇರಿದವರ ಲೆಕ್ಕಕ್ಕೆ ಪಾಸಾದವರ ಶೇಕಡಾ ತೆಗೆಯಿರಿ. ‘ಅ’ 63.16, ‘ಆ’ 79.03. ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮಿಸ್, ಆ ಏಳು ಜನ ಎಲ್ಲಿಗೆ ಹೋದ್ರು?’ ಎಂದಳು. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ನಾನು ಕೇಳಬೇಕಾದದ್ದು ಎಂದು ಬರೆದಿದ್ದೆ.

ಉತ್ತರಗಳನ್ನು ಮಕ್ಕಳೇ ಕೊಟ್ಟರು. ಅಪ್ಪ ಅಮ್ಮನ ಜೊತೆ ಕಾಫಿ ಸೀಮೆಗೆ ಹೋದರು, ಕುರಿ ಹಿಂದೆ ಹೋದರು, ಮದುವೆ ಆಯಿತು, ಬೇರೆ ಸ್ಕೂಲಿಗೆ ಟಿಸಿ ತಗೊಂಡರು. ಕೊನೆಯದು ಬೇರೆ ಜಾತಿಯ ಉತ್ತರ. ಟಿಸಿ ಪಡೆದು ಇನ್ನೊಂದು ಶಾಲೆಗೆ ಹೋದವರನ್ನು ಶಾಲೆ ಕಳೆದುಕೊಂಡ ಲೆಕ್ಕಕ್ಕೆ ಹಾಕಬಾರದು. ಮಧ್ಯದಲ್ಲಿ ಬಂದು ಸೇರಿದವರನ್ನೂ ಬೇರೆ ಇಡಬೇಕು. ಎಂಟನೇ ತರಗತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಇರುವ ಊರುಗಳಲ್ಲಿ ಎಣಿಕೆಯನ್ನು ಒಂಬತ್ತರಿಂದ ಶುರು ಮಾಡಬೇಕು. ಸ್ಯಾಟ್ಸ್ ಬಂದ ಮೇಲೆ ಪ್ರತಿ ಮಗುವಿಗೂ ಒಂದು ಸಂಖ್ಯೆ ಇರುವುದರಿಂದ ಮುಖ್ಯ ಶಿಕ್ಷಕರು ಮನಸ್ಸು ಮಾಡಿದರೆ ಈ ಲೆಕ್ಕ ಅರ್ಧ ಗಂಟೆಯ ಕೆಲಸ.

ಆ ಪಾಠದಲ್ಲಿ ಒಂದು ಎಡವಟ್ಟನ್ನೂ ಮಾಡಿದೆ. ಪಾಸಾಗದ ಒಂಬತ್ತು ಮಂದಿಯನ್ನು ಬೋರ್ಡಿನ ಮೇಲೆ ಸುತ್ತು ಹಾಕಿ ತೋರಿಸುತ್ತಿದ್ದಾಗ ಒಬ್ಬ ಹುಡುಗ, ‘ನಮ್ಮಕ್ಕನೂ ಹಿಂಗೇ ಫೇಲು ಮಿಸ್, ಈಗ ಮನೇಲವಳೆ’ ಎಂದ. ಉಳಿದವರು ನಕ್ಕರು. ನಾನು ಏನೂ ಹೇಳದೆ ಮುಂದಿನ ಲೆಕ್ಕಕ್ಕೆ ಹೋದೆ. ವೀಕ್ಷಣೆಗೆ ಕೂತಿದ್ದ ಶಾಲೆಯ ಗಣಿತ ಶಿಕ್ಷಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಲೆಕ್ಕ ಸರಿ. ಹುಡುಗನಿಗೆ ಉತ್ತರ ಬಾಕಿ.’ ಮಾರನೇ ದಿನ ಆ ಹುಡುಗನನ್ನು ಕರೆದು, 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಪರೀಕ್ಷೆ-1ರಲ್ಲಿ ಹೋದವರು ಅದೇ ವರ್ಷ ಮತ್ತೆ ಬರೆಯಬಹುದು, ಅಕ್ಕನನ್ನು ಒಮ್ಮೆ ಶಾಲೆಗೆ ಕಳಿಸು ಎಂದೆ. ಆಕೆ ಬಂದಳು, ತಾಯಿಯನ್ನೂ ಕರೆದುಕೊಂಡು. ‘ಮೇಡಮ್ನೋರೆ, ಒಂದ್ಸಲ ಹೋದ್ರೆ ಮುಗೀತು ಅಂತಿದ್ವಿ’ ಎಂದರು ಆ ತಾಯಿ.

ಗೇಟಿನ ಫ್ಲೆಕ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಪರೀಕ್ಷೆ-1ರ ಅಂಕಿ. ಬಿದ್ದ ಮಕ್ಕಳನ್ನು ಶಾಲೆ ಮನೆಗೆ ಹೋಗಿ ಕರೆತಂದು ಮುಂದಿನ ಪರೀಕ್ಷೆ ಬರೆಸಿತೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಪಾಲಕರು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಲಿ ಎಂದು ನಾನು ಹೇಳುತ್ತೇನೆ: ‘ಹೋದ ವರ್ಷ ಫೇಲಾದವರನ್ನು ಏನು ಮಾಡಿದಿರಿ?’ ಸ್ವಂತ ಮಗು ತೊಂದರೆಗೆ ಸಿಕ್ಕಾಗ ಆ ಶಾಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆ ಉತ್ತರದಲ್ಲಿ ಇರುತ್ತದೆ.

ಇಂಗ್ಲೆಂಡಿನಲ್ಲಿ 1992ರಿಂದ ಶಾಲೆಗಳ ಫಲಿತಾಂಶ ಪಟ್ಟಿಗಳನ್ನು ಪ್ರಕಟಿಸುತ್ತಿದ್ದಾರೆ. ಅನುಕೂಲಸ್ಥರ ಮಕ್ಕಳಿರುವ ಶಾಲೆಗಳೇ ಮೇಲೆ ಬರುತ್ತವೆ ಎಂಬ ಆಕ್ಷೇಪ ಬಹಳ ಕಾಲ ಇತ್ತು. 2016ರಿಂದ ‘ಪ್ರೋಗ್ರೆಸ್ 8’ ಎಂಬ ಅಳತೆ ತಂದರು. ಮಗು ಹನ್ನೊಂದನೇ ವಯಸ್ಸಿನಲ್ಲಿ ಎಲ್ಲಿತ್ತು, ಹದಿನಾರಕ್ಕೆ ಎಲ್ಲಿಗೆ ಬಂತು ಎಂದು ನೋಡುವ ಲೆಕ್ಕ ಅದು. ನಮ್ಮಲ್ಲಿ ಇದಕ್ಕೆ ಹೊಸದೇನೂ ಬೇಕಿಲ್ಲ. ಜೂನ್‌ನಲ್ಲಿ ಎಂಟನೇ ತರಗತಿಗೆ ಸೇತುಬಂಧದ ಪೂರ್ವಪರೀಕ್ಷೆ ಮಾಡುತ್ತೇವೆ. ಭಾಗಾಕಾರ ಬಾರದ ಮಕ್ಕಳು ಎಷ್ಟು, ಕನ್ನಡ ಓದಲು ತಡವರಿಸುವವರು ಎಷ್ಟು ಎಂಬುದು ಅಲ್ಲಿ ದಾಖಲಾಗುತ್ತದೆ. ಆಮೇಲೆ ಆ ಹಾಳೆಗಳು ಕಡತದಲ್ಲಿ ಕೂರುತ್ತವೆ. ನಾನಿದ್ದ ಶಾಲೆಯಲ್ಲಿ ಆ ಕಡತ ತೆರೆದು, ಅದೇ ಮಕ್ಕಳ ಒಂಬತ್ತನೇ ತರಗತಿಯ ಸಂಕಲನಾತ್ಮಕ ಮೌಲ್ಯಮಾಪನದ ಅಂಕಗಳ ಪಕ್ಕದಲ್ಲಿಟ್ಟೆ. ಎರಡು ಬೇರೆ ಪ್ರಶ್ನೆಪತ್ರಿಕೆಗಳನ್ನು ಹೀಗೆ ನೇರ ಹೋಲಿಸುವಂತಿಲ್ಲ ಎಂದು ನಮ್ಮ ಮೌಲ್ಯಮಾಪನ ಪತ್ರಿಕೆಯಲ್ಲೇ ಓದಿದ್ದೇವೆ, ನಿಜ. ಆದರೂ ಭಾಗಾಕಾರ ಬಾರದೆ ಬಂದವರು ಈಗ ಸಮೀಕರಣ ಬಿಡಿಸುತ್ತಿದ್ದಾರೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಗಣಿತ ಶಿಕ್ಷಕರಿಗೇ ಅದು ಹೊಸ ಸುದ್ದಿ. ಅವರು ಅಂಕಿ ನೋಡಿ ಏನೂ ಹೇಳಲಿಲ್ಲ, ಹಾಳೆಯ ಒಂದು ಜೆರಾಕ್ಸ್ ಕೇಳಿದರು.

ಸೌಲಭ್ಯ: ಇದೆ ಎಂಬುದು, ಸಿಗುತ್ತದೆ ಎಂಬುದು

ಸೌಲಭ್ಯಗಳ ವಿಷಯದಲ್ಲಿ ಕಾಗದದ ಕೊರತೆಯಿಲ್ಲ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ 11 ಅಂಕಿಯ ಸಂಕೇತ ಹಾಕಿದರೆ ಕೊಠಡಿ, ಶೌಚಾಲಯ, ಶಿಕ್ಷಕರು, ದಾಖಲಾತಿ ಎಲ್ಲ ತೋರಿಸುತ್ತದೆ. ನಮ್ಮ ರಾಜ್ಯದ ಸಂಕೇತಗಳು 29ರಿಂದ ಶುರುವಾಗುತ್ತವೆ. ಯಾರು ಬೇಕಾದರೂ ನೋಡಬಹುದು, ಮೊಬೈಲಿನಲ್ಲೇ. ಶಾಲಾ ಸಿದ್ಧಿ ಎಂಬ ಸ್ವಮೌಲ್ಯಮಾಪನದಲ್ಲಿ 7 ಕ್ಷೇತ್ರಗಳು, 46 ಮಾನಕಗಳು. ಅದು ಶಾಲೆಗೆ ತನ್ನನ್ನು ತಾನು ನೋಡಿಕೊಳ್ಳಲು ಒಳ್ಳೆಯದು, ಆದರೆ 46 ಮಾನಕ ಓದಿ ಮಗುವನ್ನು ಸೇರಿಸುವ ಪಾಲಕರನ್ನು ನಾನು ಕಂಡಿಲ್ಲ.

ಕಾಗದದಲ್ಲಿ ‘ಹೌದು’ ಎಂದಿರುವುದಕ್ಕೂ ಮಗುವಿಗೆ ಸಿಗುವುದಕ್ಕೂ ನಡುವೆ ಒಂದು ಬೀಗ ಇರುತ್ತದೆ. ಹಿರಿಯೂರು ಕಡೆ ಹೋದ ನನ್ನ ಗೆಳತಿಯ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಚೆನ್ನಾಗಿಯೇ ಇತ್ತು, ಕೀಲಿ ಮಾತ್ರ ಗಂಡಸರು ಕೂರುವ ಕೊಠಡಿಯಲ್ಲಿ. ಹುಡುಗಿಯರು ಕೇಳಲು ನಾಚಿ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಇವಳು ಹೋದ ಎರಡನೇ ವಾರ ಕೀಲಿಯನ್ನು ಹತ್ತನೇ ತರಗತಿಯ ಹುಡುಗಿಯರ ಕೈಗೆ ಕೊಡಿಸಿದಳು. ಖರ್ಚು ಏನೂ ಇಲ್ಲ. ನಾನಿದ್ದ ಶಾಲೆಯಲ್ಲಿ ವಿಜ್ಞಾನದ ಉಪಕರಣಗಳು ಬೀರುವಿನಲ್ಲಿ ಭದ್ರವಾಗಿದ್ದವು. ಪೀನ ಮಸೂರವನ್ನು ನಾನು ಹೊರತೆಗೆದಾಗ ಅದರ ಸುತ್ತಿದ ಕಾಗದವೂ ಬಿಚ್ಚಿರಲಿಲ್ಲ. ಹಾಗಾಗಿ ಪ್ರಯೋಗಾಲಯ ಇದೆಯೇ ಎಂದು ಶಿಕ್ಷಕರನ್ನು ಕೇಳುವುದಕ್ಕಿಂತ, ಕೊನೆಯ ಸಲ ಯಾವ ಪ್ರಯೋಗ ಮಾಡಿದಿರಿ ಎಂದು ಒಂಬತ್ತನೇ ತರಗತಿಯ ಮಗುವನ್ನು ಕೇಳುವುದು ಮೇಲು.

ಕುಡಿಯುವ ನೀರು ನಮ್ಮ ಜಿಲ್ಲೆಯಲ್ಲಿ ಸಣ್ಣ ವಿಷಯವಲ್ಲ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನಲ್ಲಿ ಇದ್ದರೆ ಸಾಲದು, ನೀರು ಎಲ್ಲಿಂದ ಬರುತ್ತದೆ, ಶುದ್ಧೀಕರಣ ಘಟಕ ಕೆಟ್ಟಾಗ ಯಾರು ರಿಪೇರಿ ಮಾಡಿಸುತ್ತಾರೆ ಎಂದು ಕೇಳಬೇಕು. ಬಿಸಿಯೂಟ, ಮೊಟ್ಟೆ ಅಥವಾ ಬಾಳೆಹಣ್ಣು, ಪಠ್ಯಪುಸ್ತಕ ಹತ್ತನೇ ತರಗತಿಯವರೆಗೂ ಎಲ್ಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇರುವುದರಿಂದ ಅವು ಆಯ್ಕೆಯ ಪ್ರಶ್ನೆಗಳಲ್ಲ.

ಎಲ್ಲಕ್ಕಿಂತ ದೊಡ್ಡ ಸೌಲಭ್ಯ ಶಿಕ್ಷಕರು. ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರಕ್ಕೂ ಕಾಯಂ ಶಿಕ್ಷಕರಿದ್ದಾರೆಯೇ, ಪಿಸಿಎಂ ಹುದ್ದೆ ಖಾಲಿಯಿದ್ದು ಸಿಬಿಝಡ್‌ನವರೇ ಗಣಿತವನ್ನೂ ತೆಗೆದುಕೊಳ್ಳುತ್ತಿದ್ದಾರೆಯೇ, ಅತಿಥಿ ಶಿಕ್ಷಕರಾದರೆ ಹೋದ ವರ್ಷ ಯಾವ ತಿಂಗಳು ಬಂದರು? ಇನ್ನೊಂದನ್ನು ನಮ್ಮಂಥವರ ಬಗ್ಗೆಯೇ ಹೇಳಬೇಕು. ಚಿತ್ರದುರ್ಗದ ಶಾಲೆಗೆ ಹೋಗಿದ್ದ ನಮ್ಮ ಸಹಪಾಠಿಯನ್ನು ನೋಡಿ ಒಬ್ಬ ಪಾಲಕರು, ‘ಹೊಸ ಮೇಷ್ಟ್ರು ಬಂದವ್ರೆ’ ಎಂದು ಖುಷಿಪಟ್ಟು ತಂಗಿಯ ಮಗನನ್ನೂ ಅದೇ ಶಾಲೆಗೆ ತರುವ ಮಾತಾಡಿದರಂತೆ. ಅವನು ಪ್ರಶಿಕ್ಷಣಾರ್ಥಿ, ಇಂಟರ್ನ್‌ಶಿಪ್ ಮುಗಿದರೆ ಹೊರಟುಹೋಗುವವನು. ನಾವಿರುವ ತಿಂಗಳುಗಳಲ್ಲಿ ಶಾಲೆ ತುಂಬಿದಂತೆ ಕಾಣುತ್ತದೆ.

ಪ್ರವೇಶ

ಸೇರಲು ಕಷ್ಟವಾದ ಶಾಲೆಯೇ ಒಳ್ಳೆಯ ಶಾಲೆ ಎಂಬ ನಂಬಿಕೆ ನಮ್ಮ ಪಾಲಕರಲ್ಲಿ ಗಟ್ಟಿ. ಜಿಲ್ಲೆಯ ನವೋದಯ ಇರುವುದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ. ಆರನೇ ತರಗತಿಗೆ 80 ಸೀಟು, ಪರೀಕ್ಷೆ ಬರೆದು ಸೇರಬೇಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು, ಇವಕ್ಕೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ. ಅಂದರೆ ಐದನೇ ತರಗತಿ ಓದುವಾಗಲೇ ಅರ್ಜಿ ಹಾಕಬೇಕು. ಏಳು ಮುಗಿದ ಮೇಲೆ ಇವುಗಳ ವಿಚಾರಕ್ಕೆ ಬರುವ ಪಾಲಕರನ್ನು ನಾವು ನಾಲ್ವರೂ ನಾಲ್ಕೂ ತಾಲ್ಲೂಕಿನಲ್ಲಿ ಕಂಡೆವು. ಈ ಒಂದು ಮಾತನ್ನು ಪ್ರಾಥಮಿಕ ಶಾಲೆಯವರು ಪಾಲಕರ ಸಭೆಯಲ್ಲಿ ಮೊದಲೇ ಹೇಳಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು.

ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ಪ್ರವೇಶ ಪರೀಕ್ಷೆ ಇಲ್ಲ, ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕು. ಆರಿಸಿ ತೆಗೆದುಕೊಂಡ ಶಾಲೆಯ ಫಲಿತಾಂಶವನ್ನೂ ಎಲ್ಲರನ್ನೂ ತೆಗೆದುಕೊಂಡ ಶಾಲೆಯ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ಎರಡನೆಯದನ್ನು ಕೀಳು ಎನ್ನುವುದು ನ್ಯಾಯವಲ್ಲ.

ಕಾಗದಪತ್ರದ ಭಯ ಇನ್ನೊಂದು. ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲ ಇದ್ದರೆ ವಿದ್ಯಾರ್ಥಿವೇತನಕ್ಕೆ ಅನುಕೂಲ. ಆದರೆ ಟಿಸಿ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಎಂಟನೇ ತರಗತಿ ಶಿಕ್ಷಣ ಹಕ್ಕು ಕಾಯ್ದೆಯ ಒಳಗೇ ಬರುತ್ತದೆ, ಅದರ 5ನೇ ಪ್ರಕರಣ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ತಾಂಡಾದ ಒಬ್ಬ ತಾಯಿ ಟಿಸಿ ತರಲು ಕೂಲಿ ಬಿಟ್ಟು ಮೂರು ದಿನ ಅಲೆದದ್ದನ್ನು ನನಗೆ ಹೇಳಿದರು. ಅವರಿಗೆ ಈ ನಿಯಮ ಹೇಳಿದಾಗ, ‘ಇದನ್ನ ಅವತ್ತೇ ಯಾರಾನ ಹೇಳಿದ್ರೆ’ ಎಂದು ಸುಮ್ಮನಾದರು.

ಮಾವ ಮತ್ತೆ ಫೋನು ಮಾಡಿದ್ದು ಈ ಜನವರಿಯಲ್ಲಿ. ಮಗ ಏಳನೇ ತರಗತಿ. ‘ಇವನ್ನ ಎಲ್ಲಿಗೆ ಹಾಕ್ಲವ್ವ?’ ಈ ಸಲ ನಾನು ಉತ್ತರ ಹೇಳಲಿಲ್ಲ. ಒಂದು ಬುಧವಾರ, ಶಾಲೆ ನಡೆಯುವ ಹೊತ್ತಿನಲ್ಲಿ ಹೋಗಿ, ಗಣಿತಕ್ಕೆ ಯಾರಿದ್ದಾರೆ ಕೇಳಿ, ಹೋದ ವರ್ಷ ಬಿದ್ದ ಮಕ್ಕಳ ಕತೆ ಕೇಳಿ, ಕುಡಿಯುವ ನೀರು ನೀವೂ ಒಂದು ಲೋಟ ಕುಡಿದು ಬನ್ನಿ, ಹೋಗುವಾಗ ಹುಡುಗ ಹೋಗಬೇಕಾದ ಬಸ್ಸಿನಲ್ಲೇ ಹೋಗಿ ಎಂದೆ. ಕೀಲಿಯ ವಿಷಯವನ್ನೂ ಹೇಳಿದೆ.

ಮಾವ ಹೋಗಿ ಬಂದು ರಾತ್ರಿ ಫೋನು ಮಾಡಿದರು. ‘ಬಸ್ಸು ಬರೋ ಹೊತ್ತಿಗೆ ಪ್ರಾರ್ಥನೆ ಮುಗ್ದಿತ್ತು ಕಣವ್ವ. ಲೆಕ್ಕದ ಮೇಷ್ಟ್ರು ಅವ್ರೆ, ನಾಕ್ ವರ್ಷದಿಂದ ಅಲ್ಲೇ ಅಂತೆ. ಫೇಲಾದೋರು ಐದು ಜನ, ಮೂರು ಜನ ಆಮೇಲೆ ಬರ್ದು ಪಾಸಾದ್ರಂತೆ, ಹೆಡ್‌ಮಾಸ್ಟ್ರು ಹೆಸ್ರು ಸಮೇತ ಹೇಳಿದ್ರು. ನೀರು ಉಪ್ಪಿಲ್ಲ. ಕೀಲಿ ಮಾತ್ರ ಅವ್ರ ಟೇಬಲ್ ಮೇಲೇ ಇತ್ತು. ಯಾಕ್ ಸಾರ್ ಇದು ಇಲ್ಲಿ ಅಂದೆ. ಅವ್ರು ನನ್ನ ಮಖ ನೋಡಿ, ನಿಮ್ ಮಗ ಗಂಡುಹುಡ್ಗ ಅಲ್ವಾ ಅಂದ್ರು.’

‘ನೀವೇನಂದ್ರಿ ಮಾವ?’

‘ಮಗಳೂ ಅವಳೆ ಸಾರ್ ನಂಗೆ, ಅಂದೆ.’